ಉಪ್ಪಳದಲ್ಲೊಂದು ಹಳೆ ಯಾಶಿಕಾ ರೇಂಜ್‌ಫೈಂಡರ್ ಉಂಟು, ತಕ್ಕೊಳ್ಳುದಾ ಬಿಡುದಾ?

ಅನು ಪೆರ್ಲ:
ಫಿಲ್ಮ್ ಹಾಕುವ ರೇಂಜ್‌ಫೈಂಡರ್ ಒಂದು ತಕ್ಕೊಳ್ಬೇಕು ಅಂತ ಸುಮಾರು ಸಮಯದಿಂದ ಮಂಡೆಯಲ್ಲುಂಟು. ಕಣ್ಣಿಟ್ಟು ನೋಡುವ ಕಿಟಕಿಯಲ್ಲಿ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಕ್ಯಾಮರ ಅದು. ಈಗ ಮೂರು ಸಿಕ್ಕಿದೆ, ಮೂರಕ್ಕೂ ಒಂದೊಂದು ನಮೂನೆ ರಗಳೆ.

ಒಂದು, ಯಾಶಿಕಾ ಇಲೆಕ್ಟ್ರೋ 35 ಜಿಎಸ್‌ಎನ್. ಉಪ್ಪಳದಲ್ಲಿ ಒಬ್ರು ಹಾಜಿಯವರ ಮನೆಯಲ್ಲುಂಟು, ಅವರು ಹಿಂದೆ ದುಬೈಯಲ್ಲಿದ್ದಾಗ ತಂದದ್ದಂತೆ, ಲೆದರ್ ಕೇಸು ಸಮೇತ 7000 ಹೇಳ್ತಾರೆ. ಎರಡು, ಆನ್‌ಲೈನಲ್ಲಿ ಒಂದು ಜೋರ್ಕಿ 4, ರಷ್ಯದ್ದು, 6000. ಫೋಟೋದಲ್ಲಿ ಥಳಥಳ ಅಂತದೆ, ಆದ್ರೆ ಮಾರುವವ ಟೆಸ್ಟ್ ಮಾಡಿಲ್ಲ, ವಾಪಸ್ ತಕ್ಕೊಳ್ಳುದಿಲ್ಲ ಅಂತ ಬರ್ದಿದ್ದಾನೆ. ಮೂರು, ಕ್ಯಾನೊನೆಟ್ ಕ್ಯೂಎಲ್17 ಜಿ3, ಜಪಾನಿಂದ ತರಿಸ್ಬೇಕು, 15000 ದಾಟ್ತದೆ, ಮೇಲಿಂದ ಕಸ್ಟಮ್ಸಿನವ್ರು ಎಷ್ಟು ಹಾಕ್ತಾರೋ.

ನನಗೆ ಮುಖ್ಯ ಬೇಕಾದ್ದು ಯಕ್ಷಗಾನ ಆಟದ ಫೋಟೋಕ್ಕೆ, ಅದರಲ್ಲೂ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಾಕುವಾಗಿನದ್ದು. ಡಿಎಸ್‌ಎಲ್‌ಆರ್ ಉಂಟು, ಆದ್ರೆ ಅದರ ಟಪಾರ್ ಅಂತ ಶಬ್ದ ಕೇಳಿದ ಕೂಡ್ಲೆ ಅವ್ರು ತಿರುಗಿ ನೋಡ್ತಾರೆ, ಮತ್ತೆ ಪೋಸು ಕೊಡ್ತಾರೆ, ಅಲ್ಲಿಗೆ ಫೋಟೋ ಮುಗೀತು. ರೇಂಜ್‌ಫೈಂಡರಲ್ಲಿ ಕನ್ನಡಿ ಹಾರುದಿಲ್ಲ, ಶಬ್ದ ಇಲ್ಲ ಅಂತಾರಲ್ಲ, ಅದಕ್ಕೇ ಆಸೆ. ಆದಿತ್ಯವಾರ ಉಪ್ಪಳಕ್ಕೆ ಹೋಗ್ಲಿಕ್ಕುಂಟು. ಅಲ್ಲಿ ಎಂತೆಲ್ಲ ನೋಡ್ಬೇಕು, ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳಿ.

ಉಪ್ಪಳ ಎಕ್ಸ್‌ಪ್ರೆಸ್:
ಯಾವ ಹಾಜಿಯವ್ರು? ನಮ್ಮಲ್ಲಿ ಹಳೆ ಗಲ್ಫಿನವ್ರ ಮನೆ ಕಪಾಟಲ್ಲೆಲ್ಲ ಒಂದು ಯಾಶಿಕಾ, ಒಂದು ಟೇಪ್ ರೆಕಾರ್ಡರ್ ಇದ್ದೇ ಇರ್ತದೆ. ಹೇಳಿದ ರೇಟು ಕೊಡ್ಬೇಡಿ, ಚರ್ಚೆ ಮಾಡಿ.

ನೀರ್ಚಾಲು ಮಾಷ್ಟ್ರು:
ಅನು, ಮೂರರಲ್ಲಿ ಕೈಯಲ್ಲಿ ಹಿಡಿದು ನೋಡ್ಲಿಕ್ಕೆ ಸಿಗುದು ಒಂದೇ, ಹಾಗಾಗಿ ಮೊದ್ಲು ಅದನ್ನೇ ನೋಡು. ಜಿಎಸ್‌ಎನ್ ಬಂದದ್ದು 1973ರಲ್ಲಿ, ಇಲೆಕ್ಟ್ರೋ ಅನ್ನುವ ಸೀರೀಸು 1966ರದ್ದು. ಎಷ್ಟೇ ಚಂದ ಇಟ್ಕೊಂಡಿದ್ರೂ ಐವತ್ತು ವರ್ಷದ ಸಾಮಾನು ಅದು, ಕೇಸು ಹೊಳೀತದೆ ಅಂತ ಮಂಗ ಆಗ್ಬೇಡ. ಹೋಗುವಾಗ ಟಾರ್ಚು, ಹೊಸ ಬ್ಯಾಟರಿ ಮತ್ತೆ ಒಂದು ಸ್ಪ್ರಿಂಗು ತಕ್ಕೊಂಡು ಹೋಗು.

ಬ್ಯಾಟರಿ ಯಾಕೆ ಅಂದ್ರೆ, ಇದಕ್ಕೆ ಆಗ ಬರ್ತಿದ್ದದ್ದು 5.6 ವೋಲ್ಟಿನ ಪಾದರಸದ ಸೆಲ್ಲು, ಅದು ಈಗ ಸಿಗುದಿಲ್ಲ. 6 ವೋಲ್ಟಿನ 4ಎಲ್‌ಆರ್44 ಹಾಕಿದ್ರೆ ಒಳ್ಳೇದಾಗಿ ನಡೀತದೆ, ಆದ್ರೆ ಗಾತ್ರ ಸಣ್ಣ, ಸುತ್ತ ಕಾಗದ ಸುತ್ತಿ ಉಳಿದ ಜಾಗಕ್ಕೆ ಸ್ಪ್ರಿಂಗು ಕೊಡ್ಬೇಕು. ಅಡಿಯ ಮುಚ್ಚಳ ತೆಗ್ದ ಕೂಡ್ಲೆ ಒಳಗೆ ನೋಡು, ಬಿಳಿ ಅಥವಾ ಹಸಿರು ಹುಡಿ ಹಿಡಿದಿದ್ರೆ ಹಳೆ ಸೆಲ್ಲು ಒಡ್ದು ಸೋರಿದೆ ಅಂತ ಅರ್ಥ. ಸ್ವಲ್ಪ ಇದ್ರೆ ವಿನೆಗರ್ ಮುಟ್ಟಿಸಿದ ಹತ್ತಿಯಲ್ಲಿ ಉಜ್ಜಿದ್ರೆ ಹೋಗ್ತದೆ, ವಯರು ತಿಂದಿದ್ರೆ ಬೆಸುಗೆ ಹಾಕ್ಬೇಕು. ಬ್ಯಾಟರಿ ಹಾಕಿ ಹಿಂದಿನ ಚೆಕ್ ಬಟನ್ ಒತ್ತು, ಹಸಿರು ಲೈಟು ಬರ್ಬೇಕು.

ಇನ್ನು ಮುಖ್ಯದ್ದು. ಫಿಲ್ಮ್ ಮುಂದೆ ಸರಿಸುವ ಲಿವರ್ ಪೂರ್ತಿ ಎಳೀವಾಗ ಒಳಗಿಂದ ಠಕ್ ಅಂತ ದಪ್ಪದ ಒಂದು ಶಬ್ದ ಬರ್ಬೇಕು. ಈ ಕ್ಯಾಮರದ ಒಳಗೆ ಒಂದು ಸಣ್ಣ ರಬ್ಬರಿನ ತುಂಡುಂಟು, ಹಳತಾದ ಹಾಗೆ ಅದು ಹುಡಿ ಆಗ್ತದೆ ಇಲ್ಲ ಅಂಟು ಆಗ್ತದೆ. ಅದು ಹೋದ್ರೆ ಠಕ್ ಇಲ್ಲ, ಫಿಲ್ಮಿಗೆ ಬೆಳಕು ಬಿಡುವ ಶಟರಿನ ಟೈಮು ಕೂಡ ಲಗಾಡಿ. ಮಾರುವವ್ರಿಗೆ ಇದು ಗೊತ್ತಿರುದಿಲ್ಲ, ಯಾಕಂದ್ರೆ ಒತ್ತಿದ್ರೆ ಕ್ಲಿಕ್ ಅಂತದಲ್ಲ, ಮತ್ತೆಂತ ಬೇಕು ಅಂತ ಅವ್ರ ಲೆಕ್ಕ. ಲೆನ್ಸಿನ ಕಂಡಿ ಪೂರ್ತಿ ತೆರೆದು ಎಫ್ 1.7ಕ್ಕೆ ಇಟ್ಟು ಬಿಸಿಲಿನ ಅಂಗಳಕ್ಕೆ ಹಿಡಿದು ಅರ್ಧ ಒತ್ತು, ಕೆಂಪು ಲೈಟು ಬರ್ಬೇಕು. ಕಂಡಿ ಸಣ್ಣ ಮಾಡಿ ಎಫ್ 16ಕ್ಕೆ ಇಟ್ಟು ಮೇಜಿನ ಅಡಿಯ ಕತ್ತಲೆಗೆ ಹಿಡಿದ್ರೆ ಹಳದಿ ಬರ್ಬೇಕು, ಮತ್ತೆ ಪೂರ್ತಿ ಒತ್ತಿ ಹಿಡಿದ್ರೆ ಶಟರು ಸುಮಾರು ಹೊತ್ತು ತೆರೆದು ನಿಂತು ಆಮೇಲೆ ಮುಚ್ಬೇಕು. ಎರಡೂ ಕಡೆ ಒಂದೇ ನಮೂನೆ ಚಟ್ ಅಂತ ಮುಚ್ಚಿದ್ರೆ ಎಲೆಕ್ಟ್ರಾನಿಕ್ಸ್ ಕೆಲಸ ಮಾಡ್ತಾ ಇಲ್ಲ, ಬರೀ 1/500 ಸೆಕೆಂಡಿಗೆ ಓಡ್ತಾ ಉಂಟು. ಬ್ಯಾಟರಿ ಇಲ್ಲದಿದ್ರೂ ಇದು 1/500ಕ್ಕೇ ಓಡುದು.

ಲೆನ್ಸಿನ ವಿಷಯ ಮತ್ತೆ ಹೇಳ್ತೇನೆ, ಶಾಲೆಯ ಬೆಲ್ ಆಯ್ತು.

ಮೆಕ್ಯಾನಿಕಲ್ ಮೋನಪ್ಪ:
ಮಾಷ್ಟ್ರು ಇಷ್ಟುದ್ದ ಬರ್ದದ್ರಲ್ಲೇ ಉತ್ತರ ಉಂಟಲ್ಲ. ಬ್ಯಾಟರಿ, ಸ್ಪ್ರಿಂಗು, ಕಾಗದ, ರಬ್ಬರು, ವಯರು, ಇಷ್ಟೆಲ್ಲ ಸರಿ ಇದ್ರೆ ಮಾತ್ರ ಫೋಟೋ. ಜಿಎಸ್‌ಎನ್‌ನಲ್ಲಿ ಶಟರ್ ಸ್ಪೀಡು ನಾವು ಇಡ್ಲಿಕ್ಕಿಲ್ಲ, ಆಟೋ ಉಂಟು, ಫ್ಲ್ಯಾಶಿನದ್ದು ಉಂಟು, ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ‘ಬಿ’ ಉಂಟು, ಮುಗೀತು. ರಾತ್ರಿ ಆಟದಲ್ಲಿ ಎರಡು ಗಂಟೆಗೆ ಬ್ಯಾಟರಿ ಕೈಕೊಟ್ರೆ ಎಂತ ಮಾಡುದು, ಗರ್ನಾಲು ಬೆಳಕಿಗೆ ಕಾಯುದಾ? ಕ್ಯಾನೊನೆಟ್‌ನಲ್ಲಿ ಬ್ಯಾಟರಿ ಬರೀ ಬೆಳಕು ಅಳೆಯುವ ಮೀಟರಿಗೆ. ಅದು ಸತ್ರೂ 1/4ರಿಂದ 1/500ರವರೆಗೆ ಎಲ್ಲ ಸ್ಪೀಡು ಕೈಯಲ್ಲಿಟ್ಟು ತೆಗೀಬಹುದು. ದುಡ್ಡು ಸ್ವಲ್ಪ ಹೆಚ್ಚು ಹೋಗ್ಲಿ, ಅದನ್ನೇ ತಕ್ಕೊಳ್ಳಿ.

ಬೇಳದ ಹುಡ್ಗ:
ಮೋನಪ್ಪಣ್ಣ, ಕ್ಯಾನೊನೆಟ್ಟೂ ದೇವಸ್ಥಾನದಿಂದ ಬಂದದ್ದಲ್ಲ. ಅದರ ಶಟರಿನ ತೆಳು ತಗಡಿಗೆ ಎಣ್ಣೆ ಹಿಡಿದು ಸ್ಲೋ ಸ್ಪೀಡಲ್ಲಿ ಸಿಕ್ಕಿ ನಿಲ್ಲುದು ಮಾಮೂಲು ಕಂಪ್ಲೇಂಟು, ಬಾಗಿಲಿನ ಸುತ್ತ ಇರುವ ಸ್ಪಂಜು ಡಾಂಬರಿನ ಹಾಗೆ ಆಗಿರ್ತದೆ. ಮೀಟರಿಗೆ ಬೇಕಾದ್ದು 1.35 ವೋಲ್ಟಿನ ಪಾದರಸದ ಸೆಲ್ಲು, ಅದೂ ಈಗ ಇಲ್ಲ, ಕಿವಿ ಮಿಷಿನಿನ 675 ಝಿಂಕ್ ಸೆಲ್ಲಿಗೆ ರಿಂಗು ಹಾಕಿ ಓಡಿಸ್ಬೇಕು. ಎರಡೂ ಒಂದೇ ಕಾಲದ್ದು, ಜಿ3 ಬಂದದ್ದು 1972.

ಮೆಕ್ಯಾನಿಕಲ್ ಮೋನಪ್ಪ:
ಎಣ್ಣೆ ಹಿಡಿದ್ದನ್ನು ತೊಳೀಬಹುದು. ಐವತ್ತು ವರ್ಷದ ಸರ್ಕ್ಯೂಟ್ ಹೋದ್ರೆ ಯಾರು ಸಮ ಮಾಡ್ತಾರೆ ಹೇಳು ನೋಡುವ.

ಬೇಳದ ಹುಡ್ಗ:
ತೊಳೀಲಿಕ್ಕೆ ಯಾರುಂಟು? ಇಲ್ಲಿ ಕಾಸ್ರೋಡಲ್ಲಿ ಕ್ಯಾಮರ ರಿಪೇರಿಯವ್ರೆಲ್ಲ ಮೊಬೈಲ್ ಡಿಸ್‌ಪ್ಲೇ ಹಾಕ್ಲಿಕ್ಕೆ ಹೋಗಿ ಆಯ್ತು.

ಗಡಿನಾಡ ಗ್ರೈನ್:
ಕ್ಯಾಮರದ ರೇಟಿಗೇ ಇಷ್ಟು ಜಗಳ ಮಾಡ್ತೀರಲ್ಲ, ಫಿಲ್ಮಿನ ರೇಟು ನೋಡಿದ್ದೀರಾ? ಒಂದು ಕಲರ್ ರೋಲಿಗೆ ಸಾವಿರದ ಆಸುಪಾಸು, ಡೆವಲಪ್ ಸ್ಕ್ಯಾನ್ ಬೇರೆ, ಕೊರಿಯರ್ ಬೇರೆ. ಮಂಗ್ಳೂರಲ್ಲಿ ಒಂದು ಕಡೆ ಕೊಟ್ಟದ್ದು ಗೀರು ಗೀರಾಗಿ ವಾಪಸ್ ಬಂತು, ಕೇಳಿದ್ರೆ ನಿಮ್ಮ ಕ್ಯಾಮರದ್ದೇ ದೋಷ ಅಂದ್ರು. ಈಗ ಬೆಂಗ್ಳೂರಿಗೆ ಕಳಿಸ್ತೇನೆ. 36 ಫೋಟೋಕ್ಕೆ ಆಗುವ ಖರ್ಚಲ್ಲಿ ಒಂದು ಸೆಟ್ ಆಟಕ್ಕೇ ವೀಳ್ಯ ಕೊಡಬಹುದು ಅಂತ ನಮ್ಮ ಮಾವ ಹೇಳ್ತಾರೆ, ಅವರಿಗೆ ಉತ್ಪ್ರೇಕ್ಷೆ ಸ್ವಲ್ಪ ಹೆಚ್ಚು.

ಮಂಜೇಶ್ವರ ಮೆಮೊರಿ:
ಇಷ್ಟೆಲ್ಲ ಯಾಕೆ? ಒಳ್ಳೆ ಮೊಬೈಲು ತಕ್ಕೊಳ್ಳಿ, ಸೈಲೆಂಟಿಗೆ ಇಡಿ, ಶಬ್ದವೂ ಇಲ್ಲ ಫಿಲ್ಮೂ ಬೇಡ.

ಅನು ಪೆರ್ಲ:
ಮೊಬೈಲು ಉಂಟು ಮಾರಾಯ್ರೆ. ಎಲ್ಲರತ್ರವೂ ಉಂಟು, ಅದಕ್ಕೇ ಚೌಕಿಯಲ್ಲಿ ಈಗ ವೇಷಕ್ಕಿಂತ ಸೆಲ್ಫಿ ಹೆಚ್ಚು.

ಕುಂಬ್ಳೆ ಕ್ಲಿಕ್:
ಒಲಿಂಪಸ್ ಟ್ರಿಪ್ 35 ಯಾಕೆ ನೋಡ್ಬಾರ್ದು? ರೇಂಜ್‌ಫೈಂಡರಲ್ಲಿ ಅತಿ ಸುಲಭದ್ದು ಅದು, ಬ್ಯಾಟರಿಯೇ ಬೇಡ.

ಬೇಳದ ಹುಡ್ಗ:
ಟ್ರಿಪ್ 35 ರೇಂಜ್‌ಫೈಂಡರ್ ಅಲ್ಲ ಅಣ್ಣ. ಅದರಲ್ಲಿ ಲೆನ್ಸಿನ ಮೇಲೆ ಚಿತ್ರ ಉಂಟು, ಒಬ್ಬ, ಇಬ್ರು, ಗುಂಪು, ಗುಡ್ಡೆ, ಅಂದಾಜಿಗೆ ತಿರುಗಿಸುದು. ಬ್ಯಾಟರಿ ಬೇಡ ಅನ್ನುದು ಸರಿ, ಲೆನ್ಸಿನ ಸುತ್ತ ಸೆಲೆನಿಯಮ್ ಸೆಲ್ಲುಂಟು. ಆದ್ರೆ ಲೆನ್ಸು ಎಫ್ 2.8, ಬೆಳಕು ಕಮ್ಮಿಯಾದ್ರೆ ಕಿಟಕಿಯಲ್ಲಿ ಕೆಂಪು ಬಾವುಟ ತೋರಿಸಿ ಒತ್ಲಿಕ್ಕೇ ಬಿಡುದಿಲ್ಲ. ಚೌಕಿಗೆ ಆಗುದಿಲ್ಲ.

ಕುಂಬ್ಳೆ ಕ್ಲಿಕ್:
ಹೌದಾ. ನಮ್ಮ ಚಿಕ್ಕಪ್ಪ ಅದರಲ್ಲೇ ಇಡೀ ಮದುವೆ ತೆಗ್ದಿದ್ರು, ಹಗಲಿಂದು ಅದು ಬಿಡಿ.

ರಷ್ಯದ ಕಬ್ಬಿಣ:
ಜೋರ್ಕಿಯ ಬಗ್ಗೆ ಯಾರೂ ಮಾತಾಡ್ತಾ ಇಲ್ಲ, ನಾನೇ ಹೇಳ್ತೇನೆ. ಜೋರ್ಕಿ 4 ಅಂದ್ರೆ ಕ್ರಾಸ್ನೊಗೊರ್ಸ್ಕಿನ ಫ್ಯಾಕ್ಟರಿ, 1956ರಿಂದ 1973ರವರೆಗೆ ಮಾಡಿದ್ರು. ಜರ್ಮನಿಯ ಲೈಕಾ ಕ್ಯಾಮರದ ಹಳೆ ಸ್ಕ್ರೂ ಮೌಂಟು, ಲೆನ್ಸು ಬಿಚ್ಚಿ ಬೇರೆ ಹಾಕಬಹುದು, ಹೆಚ್ಚಾಗಿ ಜುಪಿಟರ್ 8 ಅಂತ 50 ಎಂಎಂ ಎಫ್ 2 ಲೆನ್ಸು ಜೊತೆಗೆ ಬರ್ತದೆ, ಅದರ ಬಣ್ಣ ನೋಡಿದ್ರೆ ಬಿಡ್ಲಿಕ್ಕೆ ಮನಸ್ಸಾಗುದಿಲ್ಲ. ಬ್ಯಾಟರಿ ಅನ್ನುವ ಸುದ್ದಿಯೇ ಇಲ್ಲ. ಮೀಟರೂ ಇಲ್ಲ.

ಒಂದೇ ವಿಷಯ ಮರೀಬಾರ್ದು, ಫಿಲ್ಮ್ ಸರಿಸುವ ಗುಂಡಿ ತಿರುಗಿಸದೆ ಸ್ಪೀಡಿನ ಚಕ್ರ ತಿರುಗಿಸ್ಲಿಕ್ಕಿಲ್ಲ. ಮೊದ್ಲು ಗುಂಡಿ, ಮತ್ತೆ ಸ್ಪೀಡು. ಹಿಂದುಮುಂದಾದ್ರೆ ಒಳಗಿನ ಪಿನ್ನು ಹೋಗ್ತದೆ. ಅನು ಅಕ್ಕ ಹೇಳುವ ಮಾರಾಟಗಾರ ಟೆಸ್ಟ್ ಮಾಡಿಲ್ಲ ಅಂದ್ರೆ ಟೆಸ್ಟ್ ಮಾಡಿ ಹಾಳು ಮಾಡಿದ್ದಾನೆ ಅಂತ ಓದ್ಕೊಳ್ಳಿ. ಅದಲ್ಲದೆ ಇದರ ಶಟರು ಬಟ್ಟೆಯದ್ದು. ಕನ್ನಡಿ ಇಲ್ಲದ ಕಾರಣ ಲೆನ್ಸು ಬಿಸಿಲಿಗೆ ಮುಖ ಮಾಡಿ ಇಟ್ರೆ ಸೂರ್ಯ ನೇರ ಬಟ್ಟೆ ಮೇಲೆ ಬಿದ್ದು ಸುಡ್ತದೆ, ತೂತು ಬೀಳ್ತದೆ. ಹಿಂದಿನ ಬಾಗಿಲು ತೆಗ್ದು ಲೆನ್ಸು ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದ್ರೆ ತೂತು ನಕ್ಷತ್ರದ ಹಾಗೆ ಕಾಣ್ತದೆ. ಆನ್‌ಲೈನಲ್ಲಿ ಫೋಟೋ ನೋಡಿ ಇದೆಲ್ಲ ಗೊತ್ತಾಗುದಿಲ್ಲ, ಹಾಗಾಗಿ ಜೋರ್ಕಿ ಒಳ್ಳೆದೇ, ಆ ಜೋರ್ಕಿ ಬೇಡ.

ಉಪ್ಪಳ ಎಕ್ಸ್‌ಪ್ರೆಸ್:
ಲೈಕಾದ ಸುದ್ದಿ ಬಂತಲ್ಲ, ಮಂಗ್ಳೂರಲ್ಲಿ ಒಬ್ಬ ನನಗೆ ಬಂಗಾರದ ಬಣ್ಣದ ಲೈಕಾ ತೋರಿಸಿದ, ಮೇಲೆ ಹದ್ದಿನ ಮುದ್ರೆ, ಜರ್ಮನ್ ಮಿಲಿಟರಿದು, 40 ಸಾವಿರ ಅಂದ. ತಕ್ಕೊಂಡಿಲ್ಲ, ಈಗಲೂ ಬೇಜಾರುಂಟು.

ರಷ್ಯದ ಕಬ್ಬಿಣ:
ಬೇಜಾರು ಬೇಡ, ಬಚಾವಾದಿರಿ. ಅದು ಸೋವಿಯತ್ ಕಾಲದ ಫೆಡ್ ಕ್ಯಾಮರಕ್ಕೆ ಇಲ್ಲ ಜೋರ್ಕಿಗೆ ಹೊಸ ಮುದ್ರೆ ಹೊಡ್ದದ್ದು, ಲೋಕ ಇಡೀ ಓಡಾಡ್ತಾ ಉಂಟು. ಮುಂದೆ ಯಾರಾದ್ರು ತೋರಿಸಿದ್ರೆ ಲೆನ್ಸು ಬಿಚ್ಚಿ ಒಳಗೆ ಮೇಲ್ಗಡೆ ನೋಡಿ. ಲೆನ್ಸಿಗೆ ತಾಗುವ ಕೊಕ್ಕೆಯ ತುದಿಯಲ್ಲಿ ಅಸಲಿ ಲೈಕಾದಲ್ಲಿ ಉರುಟು ಚಕ್ರ ಇರ್ತದೆ, ರಷ್ಯದ್ದರಲ್ಲಿ ಹೆಚ್ಚಾಗಿ ನಾಲಿಗೆಯ ಹಾಗೆ ಒಂದು ತುಂಡು. ಅದನ್ನು ಬದಲಾಯಿಸುವಷ್ಟು ತಾಳ್ಮೆ ಕಳ್ಳರಿಗೆ ಇಲ್ಲ. ಲೆನ್ಸಿನ ಜೊತೆ ರೇಂಜ್‌ಫೈಂಡರನ್ನು ಕೂಡಿಸಿದ್ದೇ ಮೊದ್ಲು ಲೈಕಾದವ್ರು, ಹಾಗಾಗಿ ಎಲ್ಲರೂ ಅದರ ನಕಲು.

ನೀರ್ಚಾಲು ಮಾಷ್ಟ್ರು:
ಮೊದ್ಲು ಲೈಕಾ ಅಲ್ಲ. ಕೊಡಾಕಿನ 3ಎ ಆಟೋಗ್ರಾಫಿಕ್ ಸ್ಪೆಷಲಿನಲ್ಲಿ 1916ರಲ್ಲೇ ಇತ್ತು. 1925ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಲೈಕಾದಲ್ಲಿ ಇರ್ಲೇ ಇಲ್ಲ, ದೂರ ಅಂದಾಜು ಮಾಡಿ ತೆಗೀಬೇಕಿತ್ತು. ಕೂಡಿಸಿದ್ದು 1932ರ ಲೈಕಾ 2ರಲ್ಲಿ. ನೋಡುವ ಕಿಟಕಿ, ಫೋಕಸ್ ಮಾಡುವ ಕಿಟಕಿ ಎರಡೂ ಒಂದೇ ಆದ ಲೈಕಾ ಅಂದ್ರೆ 1954ರ ಎಂ3.

ರಷ್ಯದ ಕಬ್ಬಿಣ:
ಮಾಷ್ಟ್ರ ಎದ್ರು ಬಾಯಿ ಬಿಡ್ಬಾರ್ದು.

ನೀರ್ಚಾಲು ಮಾಷ್ಟ್ರು:
ಬಿಡಪ್ಪ. ಅನು, ಬಾಕಿ ಇದ್ದದ್ದು ಹೇಳ್ತೇನೆ.

ಕಿಟಕಿಯಲ್ಲಿ ನಡುವೆ ಹಳದಿ ಬಣ್ಣದ ಸಣ್ಣ ಚೌಕ ಕಾಣ್ತದೆ, ಅದರೊಳಗೆ ಎರಡನೇ ಬಿಂಬ. ಅದು ಮಬ್ಬಾಗಿ ಕಾಣದೇ ಹೋದ್ರೆ ರಾತ್ರಿಗೆ ಕ್ಯಾಮರ ಕುರುಡು. ಒಳಗಿನ ಅರ್ಧ ಪಾರದರ್ಶಕ ಕನ್ನಡಿಯ ಲೇಪ ಎದ್ದು ಹೋದ್ರೆ ಹಾಗಾಗ್ತದೆ, ಅದಕ್ಕೆ ಬಟ್ಟೆಯಲ್ಲಿ ಒರಸಿದ್ರೆ ಇದ್ದ ಲೇಪವೂ ಹೋಗ್ತದೆ, ಹಾಗಾಗಿ ಹಿಂದೆ ಯಾರಾದ್ರು ಬಿಚ್ಚಿದ್ರಾ ಕೇಳು. ಮತ್ತೆ ಫೋಕಸ್ ಪೂರ್ತಿ ದೂರಕ್ಕೆ ತಿರುಗಿಸಿ ದೂರದ ಮೊಬೈಲ್ ಟವರು ನೋಡು, ಎರಡು ಟವರು ಕಂಡ್ರೆ ಅಡ್ಡಕ್ಕೆ ಹೊಂದಾಣಿಕೆ ತಪ್ಪಿದೆ. ಹೆಚ್ಚಿನವ್ರು ಸಮುದ್ರದ ಗೆರೆಗೆ ಹಿಡಿದು ನೋಡ್ತಾರೆ, ಅದು ಪೊಕ್ಕಡೆ, ಬಿಂಬ ಸರಿಯುದು ಎಡ ಬಲಕ್ಕೆ, ಅಡ್ಡ ಗೆರೆಯಲ್ಲಿ ಸರಿದದ್ದು ಹೇಗೆ ಕಾಣುದು? ನೆಟ್ಟಗೆ ನಿಂತದ್ದು ಬೇಕು. ಆದ್ರೆ ಒಂದು ಬಿಂಬ ಮೇಲೆ ಒಂದು ಕೆಳಗೆ ಇದ್ರೆ ಅದು ಸಮುದ್ರದ ಗೆರೆಯಲ್ಲಿ ಗೊತ್ತಾಗ್ತದೆ, ಅಷ್ಟಕ್ಕೆ ಸಾಕು. ಹತ್ರದ್ದು ನೋಡ್ಲಿಕ್ಕೆ ಟೇಪಿನಲ್ಲಿ ಒಂದು ಮೀಟರ್ ಅಳೆದು ಬಾಗಿಲಿನ ಅಂಚಿಗೆ ಫೋಕಸ್ ಮಾಡು, ಲೆನ್ಸಿನ ಮೇಲಿನ ನಂಬ್ರ ಒಂದಕ್ಕೆ ಬಂದು ನಿಲ್ಬೇಕು. ಫೋಕಸ್ ತಿರುಗಿಸುವಾಗ ಕಿಟಕಿಯ ಹೊಳೆಯುವ ಚೌಕಟ್ಟು ಓರೆಯಾಗಿ ಜರಗ್ಬೇಕು, ಹತ್ರದ ಫೋಟೋದಲ್ಲಿ ಮಂಡೆ ಕತ್ತರಿಸದ ಹಾಗೆ ಅದು ಮಾಡುವ ಏರ್ಪಾಡು.

ಲೆನ್ಸು. ಹಿಂದಿನ ಬಾಗಿಲು ತೆಗ್ದು, ‘ಬಿ’ಗೆ ಇಟ್ಟು, ಎಫ್ 1.7ಕ್ಕೆ ತೆರೆದು, ಒತ್ತಿ ಹಿಡಿದು ಮುಂದಿನಿಂದ ಟಾರ್ಚು ಬಿಡು, ನೀನು ಹಿಂದಿನಿಂದ ಓರೆಯಾಗಿ ನೋಡು. ಧೂಳು ಎಷ್ಟಿದ್ರೂ ಅಡ್ಡಿಲ್ಲ. ಅಂಚಿನಿಂದ ಬೇರಿನ ಹಾಗೆ ಕವಲೊಡೆದು ಬಂದಿದ್ರೆ ಫಂಗಸ್. ನಮ್ಮ ಊರಿನ ಮಳೆಗೆ ಅದು ಬಾರದಿದ್ರೇ ಆಶ್ಚರ್ಯ. ಅಂಚಲ್ಲಿ ಚೂರು ಇದ್ರೆ ಫೋಟೋದಲ್ಲಿ ಕಾಣುದಿಲ್ಲ, ರೇಟು ಇಳಿಸ್ಲಿಕ್ಕೆ ಆಯ್ತು. ನಡುವೆ ಬಂದು ಗಾಜಿನ ಲೇಪ ತಿಂದಿದ್ರೆ ಫಂಗಸ್ ತೆಗೆದ್ರೂ ಕಲೆ ಹೋಗುದಿಲ್ಲ, ದೀಪ ಎದುರಿದ್ರೆ ಫೋಟೋ ಹೊಗೆ ಹೊಗೆ. ಆಟಕ್ಕೆ ದೀಪ ಎದುರೇ ಇರ್ತದಲ್ಲ.

ಕುಂಬ್ಳೆ ಕ್ಲಿಕ್:
ಫಂಗಸಿಗೆ ಅಕ್ಕಿ ಡಬ್ಬಿಯಲ್ಲಿಟ್ರೆ ಆಗುದಿಲ್ವಾ?

ಗಡಿನಾಡ ಗ್ರೈನ್:
ಅಕ್ಕಿಯ ಹುಡಿ ಲೆನ್ಸಿನ ಒಳಗೆ ಹೋಗುದಷ್ಟೇ ಲಾಭ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಮತ್ತೆ ಸಣ್ಣ ಒಂದು ತೇವ ನೋಡುವ ಮೀಟರ್ ಇಡಿ, ನೂರಕ್ಕೆ 40ರಿಂದ 50ರ ಒಳಗೆ ಇದ್ರೆ ಸಾಕು. ಜೆಲ್ ಬಣ್ಣ ಬದಲಾದ್ರೆ ಬಾಣಲೆಯಲ್ಲಿ ಸಣ್ಣ ಬೆಂಕಿಗೆ ಬಿಸಿ ಮಾಡಿ ವಾಪಸ್ ಹಾಕಬಹುದು, ಆ ಬಾಣಲೆ ಮತ್ತೆ ಅಡಿಗೆಗೆ ಬೇಡ. ಮುಖ್ಯ ಲೆದರ್ ಕೇಸಲ್ಲಿ ಇಡ್ಬೇಡಿ. ಜೋರು ಮಳೆಯ ಆಟಿ ತಿಂಗಳಲ್ಲಿ ಚರ್ಮ ನೀರು ಹೀರಿ ಬೂಸ್ಟು ಬರ್ತದೆ, ಅಲ್ಲಿಂದಲೇ ಲೆನ್ಸಿಗೆ ದಾಟುದು. ಹಾಜಿಯವರದ್ದು ಲೆದರ್ ಕೇಸು ಸಮೇತ ಅಂದ್ರಲ್ಲ, ಅದಕ್ಕೇ ನನಗೆ ಸಂಶಯ.

ಚೌಕಿ ಮನೆ:
ಆಟದ ಫೋಟೋ ತೆಗೆಯುವವ ಅಂತ ನಾನೂ ಎರಡು ಮಾತು. ನನ್ನತ್ರ ಜಿಎಸ್‌ಎನ್ನೇ ಇರುದು, ಮೋನಪ್ಪಣ್ಣ ಹೇಳುವಷ್ಟು ಕೆಟ್ಟದ್ದಲ್ಲ. ಆದ್ರೆ ಅದರ ಮೀಟರಿನ ಕಣ್ಣು ಇರುದು ಕ್ಯಾಮರದ ಎದುರು ಬೇರೆ ಕಿಟಕಿಯಲ್ಲಿ, ಒಟ್ಟು ನೋಡಿ ಸರಾಸರಿ ತೆಗೀತದೆ. ರಂಗಸ್ಥಳದ ಹಿಂದೆ ಗದ್ದೆಯ ಕತ್ತಲೆ ಇರ್ತದಲ್ಲ, ಅದನ್ನು ನೋಡಿ ಅಯ್ಯೋ ಬೆಳಕಿಲ್ಲ ಅಂತ ಶಟರು ಹೆಚ್ಚು ಹೊತ್ತು ತೆರೀತದೆ. ಆಗ ಕಿರೀಟದ ಬೇಗಡೆ ಎಲ್ಲ ಬಿಳಿ ಹಾಳೆ, ಕೈ ತಿರುಗಿಸಿದ್ದು ಗೀರು. 400ರ ಫಿಲ್ಮ್ ಹಾಕಿ, ಫಿಲ್ಮಿನ ಸೂಕ್ಷ್ಮತೆ ಹೇಳುವ ಡಯಲನ್ನು 800ಕ್ಕೆ ಇಟ್ರೆ ಸಮ ಆಗ್ತದೆ. ಇದರ ಡಯಲು 1000ದವರೆಗೆ ಮಾತ್ರ ಉಂಟು, ಎಚ್‌ಪಿ5 ಅನ್ನುವ ಕಪ್ಪು ಬಿಳುಪು ಫಿಲ್ಮನ್ನು 1600ಕ್ಕೆ ಎಳೀಬೇಕು ಅನ್ನುವವ್ರಿಗೆ ತೊಂದ್ರೆ. ಅಲ್ಲಿ ಮೋನಪ್ಪಣ್ಣ ಗೆದ್ದ ಹಾಗೆ.

ಚೌಕಿಯಲ್ಲಿ ಬೇರೆ ಕಥೆ. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣ ಕಲಸಿ ಒಂದೊಂದೇ ಚುಟ್ಟಿ ಇಡ್ತಾ ಕೂತಿರ್ತಾರಲ್ಲ, ಅರ್ಧ ಮುಖ ಒಣಗಿದೆ, ಅರ್ಧ ಹಸಿ, ಬಲ್ಬಿನ ಬೆಳಕಿಗೆ ಹಸಿ ಇದ್ದ ಕಡೆ ಮಾತ್ರ ಮಿನುಗ್ತದೆ. ಆ ಒಂದು ಗಳಿಗೆ ಬೇಕು. ಒಂದು ಮೀಟರಿಂದ ಎಫ್ 1.7ರಲ್ಲಿ ಸ್ಪಷ್ಟ ಬರುದು ಅಂದಾಜು ಐದು ಸೆಂಟಿಮೀಟರು, ಮೂಗಿಗೆ ಫೋಕಸ್ ಮಾಡಿದ್ರೆ ಕಿವಿ ಇಲ್ಲ. ಅವರು ಕೈಯಲ್ಲಿ ಹಿಡಿದ ಕನ್ನಡಿಯೊಳಗಿನ ಮುಖ ತೆಗೀಬೇಕಾದ್ರೆ ಆ ಮುಖದ ಮೇಲೇ ಎರಡು ಬಿಂಬ ಕೂಡಿಸ್ಬೇಕು, ಕನ್ನಡಿಯ ಚೌಕಟ್ಟಿಗಲ್ಲ. ಕನ್ನಡಿಗೆ ಎಷ್ಟು ದೂರ, ಕನ್ನಡಿಯಿಂದ ಮುಖಕ್ಕೆ ಎಷ್ಟು ದೂರ, ಎರಡೂ ಕೂಡಿದ್ದು ಅದು. ಶಬ್ದ ಮಾತ್ರ ಏನೂ ಇಲ್ಲ, ಭಾಗವತರ ಜಾಗಟೆ ದೂರ ಉಳೀಲಿ, ಸೊಳ್ಳೆ ಬತ್ತಿ ಹೊಗೆಯೂ ಅಲುಗುದಿಲ್ಲ.

ಮೆಕ್ಯಾನಿಕಲ್ ಮೋನಪ್ಪ:
ಗೆದ್ದ ಹಾಗೆ ಅಲ್ಲ, ಗೆದ್ದದ್ದೇ. ಅದೂ ಅಲ್ಲದೆ ಕ್ಯಾನೊನೆಟ್‌ನ ಮೀಟರ್ ಕಣ್ಣು ಲೆನ್ಸಿನ ರಿಂಗಿನ ಒಳಗೇ ಉಂಟು, ಫಿಲ್ಟರ್ ಹಾಕಿದ್ರೆ ಅದೇ ಲೆಕ್ಕ ಹಿಡೀತದೆ.

ಚೌಕಿ ಮನೆ:
ಕ್ಯಾನೊನೆಟ್‌ನ ಡಯಲು 800ರವರೆಗೆ ಮಾತ್ರ ಅಲ್ವಾ ಅಣ್ಣ.

ಮೆಕ್ಯಾನಿಕಲ್ ಮೋನಪ್ಪ:
ಕೈಯಲ್ಲಿ ಇಡ್ಲಿಕ್ಕೆ ಡಯಲು ಯಾಕೆ?

ಶಾರ್ಜಾ ಸುಬ್ಬ:
ಡ್ಯೂಟಿ ಮುಗ್ಸಿ ಈಗ ನೋಡಿದೆ. ಇಲ್ಲಿ ಸೆಕೆಂಡ್‌ಹ್ಯಾಂಡ್ ಅಂಗ್ಡಿಯಲ್ಲಿ ಒಂದು ಕ್ಯಾನೊನೆಟ್ ಜಿ3 ಕಂಡಿದ್ದೆ, ನಮ್ಮ ಲೆಕ್ಕದಲ್ಲಿ 11 ಸಾವಿರದ ಹತ್ರ. ಇಲ್ಲಿ ಮಳೆ ಕಮ್ಮಿ, ಒಳಗೆಲ್ಲ ಏಸಿ, ಫಂಗಸ್ ಕಮ್ಮಿ. ರಜೆಯಲ್ಲಿ ಬರ್ಲಿಕ್ಕುಂಟು, ಬೇಕಾದ್ರೆ ನೋಡಿ ತರ್ತೇನೆ. ಆದ್ರೆ ಮಾಷ್ಟ್ರು ಹೇಳಿದ ಟೆಸ್ಟು ಎಲ್ಲ ಮಾಡ್ಲಿಕ್ಕೆ ಅಂಗ್ಡಿಯವ ಬಿಡ್ತಾನಾ ಗೊತ್ತಿಲ್ಲ. ಫಿಲ್ಮ್ ತರುದಾ ಬೇಡ್ವಾ, ಏರ್‌ಪೋರ್ಟಲ್ಲಿ ಹಾಳಾಗ್ತದೆ ಅಂತ ಹೇಳ್ತಾರಲ್ಲ?

ಗಡಿನಾಡ ಗ್ರೈನ್:
ಚೆಕ್ ಇನ್ ಬ್ಯಾಗಿಗೆ ಹಾಕ್ಲೇಬೇಡಿ. ಕೈ ಬ್ಯಾಗಲ್ಲಿ ಇಟ್ಟು, ಕೈಯಲ್ಲೇ ಪರೀಕ್ಷೆ ಮಾಡಿ ಅಂತ ಕೇಳಿ. ಹಳೆ ನಮೂನೆ ಎಕ್ಸ್‌ರೇ ಮಿಷಿನಲ್ಲಿ 400ರ ಫಿಲ್ಮ್ ಒಂದೆರಡು ಸಲ ಹೋದ್ರೆ ಎಂತ ಆಗುದಿಲ್ಲ, ಈಗ ಬಂದ ಸಿಟಿ ಸ್ಕ್ಯಾನರಲ್ಲಿ ಒಂದೇ ಸಲಕ್ಕೆ ಹೊಗೆ ಕೂರ್ತದೆ. ಕ್ಯಾಮರಕ್ಕೆ ಏನೂ ಆಗುದಿಲ್ಲ, ಖಾಲಿ ಇದ್ರೆ.

ಮಂಜೇಶ್ವರ ಮೆಮೊರಿ:
ಮೊದ್ಲೆಲ್ಲ ಊಟಿಯಲ್ಲೇ ಫಿಲ್ಮ್ ಆಗ್ತಿತ್ತಲ್ಲ, ಸ್ಟುಡಿಯೋದಲ್ಲಿ ಹಳದಿ ಡಬ್ಬಿ ನೋಡಿದ ನೆನಪು.

ನೀರ್ಚಾಲು ಮಾಷ್ಟ್ರು:
ಹಿಂದುಸ್ತಾನ್ ಫೋಟೋ ಫಿಲ್ಮ್ಸ್, ಸರ್ಕಾರದ್ದು, 1960ರಲ್ಲಿ ಸುರುವಾದದ್ದು. ಇಂದು ಅಂತ ಬ್ರ್ಯಾಂಡು. ಕಪ್ಪು ಬಿಳುಪು ರೋಲು, ಪೇಪರು, ಆಸ್ಪತ್ರೆಯ ಎಕ್ಸ್‌ರೇ ಫಿಲ್ಮು ಎಲ್ಲ ಮಾಡ್ತಿದ್ರು. ನಮ್ಮ ಕಾಲದ ಪಾಸ್‌ಪೋರ್ಟ್ ಫೋಟೋ ಎಷ್ಟೋ ಅದರಲ್ಲೇ. ಈಗ ಬೀಗ ಬಿದ್ದಿದೆ.

ಮಂಜೇಶ್ವರ ಮೆಮೊರಿ:
ಹಾಗಾದ್ರೆ ಕಪ್ಪು ಬಿಳುಪು ಮನೆಯಲ್ಲೇ ತೊಳೀಬಹುದಾ? ನಾನು ಮೊಬೈಲಿನವನೇ, ಸುಮ್ನೆ ಕೇಳುದು.

ಗಡಿನಾಡ ಗ್ರೈನ್:
ಹೀಗೇ ಸುರುವಾಗುದು. ತೊಳೀಬಹುದು, ಕತ್ತಲೆ ಕೋಣೆ ಸಹ ಬೇಡ, ಫಿಲ್ಮ್ ಟ್ಯಾಂಕಿಗೆ ಹಾಕುವಷ್ಟು ಹೊತ್ತು ಕತ್ತಲೆ ಸಾಕು. ಡಿ76 ಅನ್ನುವ ಡೆವಲಪರಿನಲ್ಲಿ ಎಚ್‌ಪಿ5ಗೆ ನೀರು ಸೇರಿಸದ ದ್ರಾವಣದಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಕಷ್ಟ ಇರುದು ಆ 20 ಡಿಗ್ರಿಯಲ್ಲಿ, ಮಾರ್ಚ್ ಎಪ್ರಿಲಲ್ಲಿ ನಮ್ಮ ಬಾವಿ ನೀರೇ ಅದಕ್ಕಿಂತ ಎಷ್ಟೋ ಬಿಸಿ, ಬಾಲ್ದಿಗೆ ಐಸು ಹಾಕಿ ಬಾಟ್ಲಿ ಮುಳುಗಿಸಿ ಕಾಯ್ಬೇಕು. ಮಳೆಗಾಲದಲ್ಲಿ ತೊಳೀಲಿಕ್ಕೆ ಸುಲಭ, ಒಣಗಿಸ್ಲಿಕ್ಕೆ ಕಷ್ಟ.

ಅನು ಪೆರ್ಲ:
ಹೋಗಿ ಬಂದೆ. ಹಾಜಿಯವರದ್ದು ತುಂಬ ಒಳ್ಳೆ ಜನ, ಚಹಾ, ಕಲ್ತಪ್ಪ ಎಲ್ಲ ಕೊಟ್ರು, ನಾನು ಬ್ಯಾಟರಿಗೆ ಕಾಗದ ಸುತ್ತುದನ್ನು ಮನೆಯವ್ರೆಲ್ಲ ಸುತ್ತ ನಿಂತು ನೋಡಿದ್ರು.

ಲೈಟು ಬಂತು, ಹಸಿರು. ಬ್ಯಾಟರಿ ಜಾಗ ಕ್ಲೀನ್ ಇತ್ತು. ಟವರು ಒಂದೇ ಕಂಡಿತು. ಲೆನ್ಸಲ್ಲಿ ಅಂಚಿನ ಒಂದು ಕಡೆ ಮಾತ್ರ ಬೇರಿನ ಹಾಗೆ ಚೂರು. ಲಿವರ್ ಎಳೆದ್ರೆ ಠಕ್ ಇಲ್ಲ, ಎಷ್ಟು ಸಲ ಎಳೆದ್ರೂ ಬರೀ ಸರ್ ಅಂತ. ಬಿಸಿಲಿಗೆ ಹಿಡಿದಾಗ ಒಮ್ಮೆ ಕೆಂಪು ಬಂತು, ಮತ್ತೊಮ್ಮೆ ಕೆಂಪು ಹಳದಿ ಎರಡೂ ಒಟ್ಟಿಗೆ. ಹಾಜಿಯವ್ರು ಲೈಟು ಬರ್ತದಲ್ಲ ಮೋಳೆ, ಮತ್ತೆಂತ ಅಂದ್ರು. ರಬ್ಬರಿನ ವಿಷಯ ಹೇಳಿದೆ, ಅವರಿಗೆ ನಂಬಿಕೆ ಬರ್ಲಿಲ್ಲ, ರೇಟು 6000ಕ್ಕೆ ಇಳಿಸಿದ್ರು. ನಾನು ಮತ್ತೆ ಹೇಳ್ತೇನೆ ಅಂತ ಬಂದೆ.

ಬೇಳದ ಹುಡ್ಗ:
ಬಿಡಿ ಅಕ್ಕ. ಠಕ್ ಇಲ್ಲದ್ದಕ್ಕೆ 6000 ಯಾರೂ ಕೊಡುದಿಲ್ಲ, 3000ಕ್ಕಿಂತ ಹೆಚ್ಚು ಬಾಳುದಿಲ್ಲ.

ಚೌಕಿ ಮನೆ:
ರಬ್ಬರು ಬದಲಾಯಿಸಿದ್ರೆ ಹೊಸತರ ಹಾಗೆ ಆಗ್ತದೆ, ಬಾಕಿ ಎಲ್ಲ ಸರಿ ಉಂಟಲ್ಲ. ಆದ್ರೆ ಮೇಲಿನ ತಗಡು ಬಿಚ್ಚಿ ಒಳಗೆ ಕೈ ಹಾಕ್ಬೇಕು, ಸುರುವಿನವ್ರಿಗೆ ಅದು ಹೇಳಿದ್ದಲ್ಲ.

ಮೆಕ್ಯಾನಿಕಲ್ ಮೋನಪ್ಪ:
ನಾನು ಸುರುವಿಗೇ ಹೇಳಿದ್ದೆ. ಮೇಲೆ ಓದಿ.

ಉಪ್ಪಳ ಎಕ್ಸ್‌ಪ್ರೆಸ್:
ಕಲ್ತಪ್ಪ ಕೊಟ್ರು ಅಂದ ಮೇಲೆ ಯಾವ ಹಾಜಿಯವ್ರು ಅಂತ ನನಗೆ ಗೊತ್ತಾಯ್ತು.

ಅನು ಪೆರ್ಲ:
ಸುಬ್ಬಣ್ಣ, ಆ ಕ್ಯಾನೊನೆಟ್ ಇನ್ನೂ ಇದ್ರೆ ನೋಡ್ತೀರಾ? ಸ್ಲೋ ಸ್ಪೀಡು 1/4ಕ್ಕೆ ಇಟ್ಟು ಒತ್ತುವಾಗ ಮೊಬೈಲಲ್ಲಿ ವಿಡಿಯೋ ಮಾಡಿ ಕಳಿಸಿ, ಬಾಗಿಲು ತೆಗ್ದು ಹಿಂದಿನಿಂದ. ಶಟರಿನ ತಗಡಲ್ಲಿ ಎಣ್ಣೆ ಕಂಡ್ರೆ ಬೇಡ. 11 ಸಾವಿರದವರೆಗೆ ಅಡ್ಡಿಲ್ಲ.

ಶಾರ್ಜಾ ಸುಬ್ಬ:
ಶುಕ್ರವಾರ ಹೋಗ್ತೇನೆ. ಸೆಲ್ಫ್ ಟೈಮರ್ ಸಹ ನೋಡುದಾ?

ರಷ್ಯದ ಕಬ್ಬಿಣ:
ಅದನ್ನು ಮುಟ್ಲೇಬೇಡಿ. ಹಳೆ ಕ್ಯಾಮರದಲ್ಲಿ ಅದು ಅರ್ಧದಲ್ಲಿ ಸಿಕ್ಕಿಬಿದ್ರೆ ಶಟರೂ ಅದರ ಜೊತೆ ನಿಲ್ತದೆ, ಮತ್ತೆ ಅಂಗ್ಡಿಯವ ನಿಮ್ಮ ಕೈಯಿಂದಲೇ ದುಡ್ಡು ವಸೂಲು ಮಾಡ್ತಾನೆ.

ನೀರ್ಚಾಲು ಮಾಷ್ಟ್ರು:
ಅನು, ನೀನು ಕ್ಯಾನೊನೆಟ್ ತಕ್ಕೊಳ್ಳುದು ಖಂಡಿತ ಅಂದ್ರೆ ಹಾಜಿಯವರ ಫೋನ್ ನಂಬ್ರ ನನಗೆ ಪರ್ಸನಲ್ಲಾಗಿ ಕಳ್ಸು. ಆ ರಬ್ಬರು ನಾನು ಹಾಕ್ತೇನೆ.

ಮೆಕ್ಯಾನಿಕಲ್ ಮೋನಪ್ಪ:
ಮಾಷ್ಟ್ರೆ, ಎಷ್ಟಕ್ಕೆ ಕೇಳ್ತೀರಿ?

ನೀರ್ಚಾಲು ಮಾಷ್ಟ್ರು:
ಇಲ್ಲಿ ಬರ್ದ್ರೆ ಉಪ್ಪಳದವ ಓದ್ತಾನೆ.

ಉಪ್ಪಳ ಎಕ್ಸ್‌ಪ್ರೆಸ್:
ಓದಿದೆ. ನಾನು ನಾಳೆ ಬೆಳಿಗ್ಗೆ ಆ ದಾರಿಯಲ್ಲೇ ಹೋಗ್ಲಿಕ್ಕುಂಟು.